ದುಃಸ್ವಪ್ನ ಮತ್ತು ದೇಹ

ಕೆಟ್ಟ ಕನಸಿನಿಂದ ಎದೆಬಡಿತ ಏರುವುದು, ಮೈ ಬೆವರುವುದು, ಉಸಿರು ಕಟ್ಟಿದಂತಾಗುವುದು, ಎಚ್ಚರವಾದ ಮೇಲೂ ಎದೆ, ಕತ್ತು, ದವಡೆಗಳಲ್ಲಿ ನೋವು ಉಳಿಯುವುದು ಮುಂತಾದ ದೈಹಿಕ ಪರಿಣಾಮಗಳನ್ನು ಕುರಿತ ತಿಳಿವಳಿಕೆ ಬೆಳೆದು ಬಂದ ಬಗೆ. ಕನಸು ಮೈಯನ್ನು ಕಾಡುತ್ತದೆಯೋ, ಮೈಯೇ ಕನಸನ್ನು ಹುಟ್ಟಿಸುತ್ತದೆಯೋ ಎಂಬುದು ಈ ಚರಿತ್ರೆಯುದ್ದಕ್ಕೂ ಕಾಣುವ ತಕರಾರು.

ಕನ್ನಡದಲ್ಲಿ ಕನಸು 'ಬೀಳುತ್ತದೆ'. ಅಂದರೆ ಅದು ಹೊರಗಿನಿಂದ ಬಂದು ಮೈಮೇಲೆ ಎರಗುವಂಥದು. ಹಿಂದೆ ಸಂಪಗಾಂವ ತಾಲ್ಲೂಕು ಎನಿಸಿಕೊಂಡಿದ್ದ ಬೈಲಹೊಂಗಲದ ಸೀಮೆಯಲ್ಲೂ ಸುತ್ತಲಿನ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ರಾತ್ರಿ ಚೀರಿ ಎದ್ದ ಮಗುವಿಗೆ ಬೆಳಗಾಗುವಷ್ಟರಲ್ಲಿ ಜ್ವರ ಬಂದರೆ ಹಿರಿಯರು ಹೇಳುವ ಕಾರಣ ಒಂದೇ: 'ಹುಡುಗ ಅಂಜ್ಯಾನ.' ಇಲ್ಲಿ ಅಂಜಿಕೆ ಎಂಬುದು ಬರಿಯ ಭಾವನೆಯಲ್ಲ, ಬೇನೆಯ ಹೆಸರು. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು, ಸವದತ್ತಿ ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರವನ್ನು ಹಣೆಗೆ ಹಚ್ಚುವುದು, ತಲೆದಿಂಬಿನ ಕೆಳಗೆ ಕಬ್ಬಿಣದ ತುಂಡನ್ನು ಇಡುವುದು ಇದಕ್ಕೆ ಮನೆಮದ್ದು. ನಿದ್ದೆಗಣ್ಣಿನಲ್ಲಿ ಕೈಕಾಲು ಆಡದೆ 'ಎದಿ ಮ್ಯಾಲ ಯಾರೋ ಕುಂತಂಗಾತು' ಎನ್ನುವವರ ಅನುಭವವನ್ನು ದೆವ್ವದ ಲೆಕ್ಕಕ್ಕೆ ಹಾಕುವುದುಂಟು. ಜ್ವರ ಮೊದಲು ಬಂದು ಕನಸು ಆಮೇಲೆ ಬಿದ್ದಿರಬಹುದಲ್ಲ ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನು ಆಯುರ್ವೇದ ಬಹಳ ಹಿಂದೆಯೇ ಎತ್ತಿತ್ತು. ದುಃಸ್ವಪ್ನವನ್ನು ಓಡಿಸುವ ಸೂಕ್ತಗಳು ಅಥರ್ವವೇದದಲ್ಲಿವೆ. ಅಲ್ಲಿ ಕೆಟ್ಟ ಕನಸು ಹೊರಗಟ್ಟಬೇಕಾದ ಪೀಡೆ. ಚರಕಸಂಹಿತೆಯ ಇಂದ್ರಿಯಸ್ಥಾನ ಇದನ್ನು ತಿರುಗಿಸಿ ನೋಡಿತು: ಕೆರಳಿದ ವಾತ, ಪಿತ್ತ, ಕಫ ದೋಷಗಳು ಮನೋವಹ ಸ್ರೋತಸ್ಸುಗಳನ್ನು, ಅಂದರೆ ಮನಸ್ಸನ್ನು ಹೊರುವ ನಾಳಗಳನ್ನು, ತುಂಬಿದಾಗ ಭಯಂಕರ ಕನಸುಗಳು ಕಾಣುತ್ತವೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದ್ದು ಎಂಬ ಏಳು ಬಗೆಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲ ಎಂದು ಅದು ತಳ್ಳಿಹಾಕುತ್ತದೆ. ನಾಯಿ, ಒಂಟೆ, ಕತ್ತೆಗಳ ಮೇಲೆ ಕೂತು ದಕ್ಷಿಣ ದಿಕ್ಕಿಗೆ ಹೋದಂತೆ ಕನಸು ಕಂಡವನಿಗೆ ರಾಜಯಕ್ಷ್ಮದ (ಕ್ಷಯದ) ಭಯ ಹೇಳುವುದೂ ಅದೇ ಗ್ರಂಥವೇ. ವೈಶೇಷಿಕದ ಪ್ರಶಸ್ತಪಾದ ವಾತ ಹೆಚ್ಚಿದವನು ಹಾರಾಡುವ, ಪಿತ್ತದವನು ಬೆಂಕಿಯ, ಕಫದವನು ನೀರಿನ ಕನಸು ಕಾಣುತ್ತಾನೆಂದು ಹಂಚಿಕೊಟ್ಟ.

ಕನಸಿನಿಂದ ಮೈಗೆ ಆಗುವ ಕೇಡನ್ನು ನೇರವಾಗಿ ಮುಟ್ಟುವ ಮಾತು ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದು, ಆತ್ಮ ತನ್ನ ಜಾಗಕ್ಕೆ ಸರಿಯಾಗಿ ಮರಳದಿದ್ದರೆ ಬರುವ ರೋಗಕ್ಕೆ ಮದ್ದು ಕಷ್ಟ ಎಂಬ ನಂಬಿಕೆಯನ್ನು ಅದು ದಾಖಲಿಸುತ್ತದೆ. ಶಂಕರರ ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದ ಆರಂಭದಲ್ಲಿ ಇನ್ನೂ ಹರಿತವಾದ ಉದಾಹರಣೆ ಸಿಗುತ್ತದೆ: ವಿಷವೇರಿದೆ ಎಂಬ ಶಂಕೆಯೊಂದೇ ಮನುಷ್ಯನನ್ನು ಕೊಲ್ಲಬಲ್ಲದು. ಸುಳ್ಳು ಕಾರಣಕ್ಕೂ ನಿಜವಾದ ಫಲ ಉಂಟು ಎಂದು ತೋರಿಸಲು ತಂದ ಈ ದೃಷ್ಟಾಂತದ ಬೆನ್ನಿಗೆ ಕನಸಿನ ಹಾವುಕಡಿತವೂ ಬರುತ್ತದೆ. ವೇದಾಂತ ಪ್ರವಚನಗಳಲ್ಲಿ ಬರುವ ಕನಸಿನ ಹುಲಿ ಇದೇ ಮನೆತನದ್ದು. ಹುಲಿ ಸುಳ್ಳು, ಅದರಿಂದಾದ ಎಚ್ಚರ ನಿಜ. ತರ್ಕಕ್ಕೆ ಬೇಕಾಗಿ ಹೇಳಿದ್ದಾದರೂ ವೈದ್ಯರಿಗೂ ಒಪ್ಪುವ ಮಾತು.

ಕನ್ನಡ ಕಾವ್ಯದಲ್ಲಿ ಕೆಟ್ಟ ಕನಸಿನ ಅತಿ ದುಬಾರಿ ಪರಿಹಾರ ಜನ್ನನ 'ಯಶೋಧರ ಚರಿತೆ'ಯದು (1209). ರಾಣಿಯ ದ್ರೋಹವನ್ನು ಬಾಯಿಬಿಟ್ಟು ಹೇಳಲಾರದ ಅರಸ ಯಶೋಧರ ತಾಯಿಯೆದುರು ಕನಸೊಂದನ್ನು ಕಟ್ಟಿ ಹೇಳುತ್ತಾನೆ. ಅವಳು ಅದನ್ನು ನಂಬಿ ಬಲಿ ಕೊಡಿಸಲು ಹೊರಡುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿ ಕಡಿದರೂ ಪಾಪ ಜನ್ಮಜನ್ಮಾಂತರಕ್ಕೆ ಬೆನ್ನುಹತ್ತುತ್ತದೆ. ಬೀಳದ ಕನಸಿಗೆ ಇಷ್ಟು ದಂಡ ತೆತ್ತವರು ಬೇರೆ ಯಾರೂ ಇರಲಾರರು.

ಯುರೋಪಿನಲ್ಲೂ ಎದೆಯ ಮೇಲೆ ಕೂರುವ ಪಿಶಾಚಿಯೇ ಮೊದಲ ಆರೋಪಿ. ಹೆನ್ರಿ ಫ್ಯೂಸಿಲಿ 1781ರಲ್ಲಿ ಬರೆದ ಚಿತ್ರದಲ್ಲಿ ಅದು ಮಲಗಿದ ಹೆಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತಿದೆ. ಬೈಲಹೊಂಗಲದವರು ಈ ಚಿತ್ರ ಕಂಡರೆ ಪರಿಚಯ ಹೇಳಬೇಕಾಗದು. ಭೂತವನ್ನು ಬಿಟ್ಟು ರಕ್ತದೊತ್ತಡದ ಕಡೆ ಕಣ್ಣು ಹೊರಳಿಸಿದವರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನ ಶರೀರಶಾಸ್ತ್ರಜ್ಞ ಜೆ. ಎ. ಮ್ಯಾಕ್‌ವಿಲಿಯಂ ಮುಖ್ಯ. ಕದಡಿದ ಕನಸುಗಳ ವೇಳೆ ರಕ್ತದೊತ್ತಡ ಜೋರಾಗಿ ಏರಬಹುದು, ರಾತ್ರಿಯ ಎದೆನೋವು ಮತ್ತು ಹಠಾತ್ ಸಾವುಗಳಿಗೆ ಅದು ಕಾರಣವಾಗಬಹುದು ಎಂದು ಆತ 1923ರಲ್ಲಿ ಬರೆದ.

ಅಳತೆಯ ಯುಗ ತೆರೆದದ್ದು 1953ರಲ್ಲಿ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ನಿದ್ರೆಯ ಘಟ್ಟವನ್ನು ಷಿಕಾಗೊದಲ್ಲಿ ಯೂಜಿನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ ಗುರುತಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ಆ ಹೊತ್ತಿನಲ್ಲಿ ಉಸಿರು, ನಾಡಿ, ರಕ್ತದೊತ್ತಡ ತಾಳತಪ್ಪುತ್ತವೆ. ಕೈಕಾಲಿನ ಸ್ನಾಯುಗಳು ಮಾತ್ರ ಸಡಿಲವಾಗಿ ಬಿದ್ದಿರುತ್ತವೆ. ಈ ಸಡಿಲಿಕೆಯನ್ನು ಲಿಯಾನ್‌ನ ಮಿಷೆಲ್ ಜೂವೆ 1959ರಲ್ಲಿ ಬೆಕ್ಕುಗಳಲ್ಲಿ ತೋರಿಸಿದ. ಎಚ್ಚರ ಬಂದರೂ ಅದು ಬಿಡದಿದ್ದರೆ ಎದೆಯ ಮೇಲೆ ಯಾರೋ ಕೂತಂಥ ಅನುಭವ. ಬರಬೇಕಾದಾಗ ಅದು ಬಾರದೇ ಹೋದರೆ ಮಲಗಿದವನು ಕನಸಿನ ಕಳ್ಳನಿಗೆ ಒದೆಯಲು ಹೋಗಿ ಗೋಡೆಗೆ ಒದ್ದು ಕಾಲು ನೋಯಿಸಿಕೊಳ್ಳುತ್ತಾನೆ. ಎರಡನೆಯದನ್ನು ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ 1986ರಲ್ಲಿ ಕಾಯಿಲೆಯೆಂದು ವಿವರಿಸಿದರು. ವಯಸ್ಸಾದವರಲ್ಲಿ ಇದು ಪಾರ್ಕಿನ್ಸನ್ ಕಾಯಿಲೆಯ ಮುಂಗುರುತಾಗಬಹುದಾದ್ದರಿಂದ ಮನೆಯವರು ನಕ್ಕು ಬಿಡುವಂತಿಲ್ಲ.

ಮಕ್ಕಳು ಚೀರಿ ಏಳುವುದೆಲ್ಲ ಕನಸಿನಿಂದಲ್ಲ. ನ್ಯೂಯಾರ್ಕಿನ ಚಾರ್ಲ್ಸ್ ಫಿಷರ್ 1970ರ ಸುಮಾರಿಗೆ ಈ ಬೇರೆ ಬಗೆಯ ಚೀರಾಟವನ್ನು ದುಃಸ್ವಪ್ನದಿಂದ ಬೇರ್ಪಡಿಸಿದ. ಗಾಢನಿದ್ರೆಯಿಂದ ಎದ್ದುಬರುವ ಭೀತಿಯಲ್ಲಿ ಅರ್ಧ ನಿಮಿಷದ ಆಸುಪಾಸಿನಲ್ಲೇ ಎದೆಬಡಿತ ಇಮ್ಮಡಿಯಾಗಬಲ್ಲದು. ಬೆಳಿಗ್ಗೆ ಮಗುವಿಗೆ ಏನೂ ನೆನಪಿರದು. ಕತೆಯಂತೆ ನೆನಪಿನಲ್ಲಿ ಉಳಿಯುವ ದುಃಸ್ವಪ್ನದಲ್ಲಿ ಏರಿಕೆ ಅಷ್ಟಿರದು. ನಮ್ಮ 'ಅಂಜಿಕೆ' ಎರಡನ್ನೂ ಒಂದೇ ತಾಯತದಲ್ಲಿ ಕಟ್ಟಿಬಿಡುತ್ತದೆ.

ಕನಸು ಕೊಲ್ಲಬಲ್ಲದೆ? ಅಮೆರಿಕಕ್ಕೆ ವಲಸೆ ಹೋದ ಲಾವೋಸಿನ ಹ್ಮಾಂಗ್ ಜನಾಂಗದ ಗಂಡಸರು 1970ರ ದಶಕದ ಕೊನೆಯಿಂದ ಮಲಗಿದಲ್ಲೇ ಸತ್ತಾಗ ಅವರ ಜನರೇ ರಾತ್ರಿಯ ದೆವ್ವದತ್ತ ಬೆರಳು ತೋರಿಸಿದ್ದರು. ಇಂಥ ಸಾವುಗಳಲ್ಲಿ ಅನೇಕವು 1992ರಲ್ಲಿ ಬ್ರುಗಾಡಾ ಸೋದರರು ವಿವರಿಸಿದ ಅನುವಂಶೀಯ ಹೃದಯದೋಷಕ್ಕೆ ಸೇರಿದವೆಂದು ಆಮೇಲೆ ತಿಳಿಯಿತು. ಕನಸಿನೊಳಗಿನ ನೋವಿನ ಅಧ್ಯಯನ ಈಚಿನದು: ಮಾಂಟ್ರಿಯಲ್‌ನ ಟೋರೆ ನೀಲ್ಸನ್ ತಂಡ 1993ರಲ್ಲಿ ಮಲಗಿದವರ ಕಾಲನ್ನು ಒತ್ತುಪಟ್ಟಿಯಿಂದ ಬಿಗಿದು ನೋಡಿದಾಗ ಕೆಲವರ ಕನಸಿನೊಳಗೆ ನೋವು ಹೊಕ್ಕಿತು. ಚರಕ ಹೇಳಿದ ದಾರಿಯೇ ಇದು, ಮೈಯಿಂದ ಕನಸಿಗೆ.

ಕೆಟ್ಟ ಕನಸಿನ ಬೇನೆಗೆ ಸಂಪಗಾಂವದ ಕಡೆಯವರಿಗೆ ಹತ್ತಿರದ ದೊಡ್ಡ ಮಾನಸಿಕ ಆಸ್ಪತ್ರೆ ಧಾರವಾಡದ್ದು. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್ (1974) 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪದೇ ಪದೇ ಬೀಳುವ ಕೆಟ್ಟ ಕನಸಿಗೆ ಇಂದು ಹೆಚ್ಚು ಬಳಕೆಯಲ್ಲಿರುವ ಮದ್ದುಗಳಲ್ಲೊಂದು ಮಾತ್ರೆಯೇ ಅಲ್ಲ. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ 2001ರಲ್ಲಿ 168 ಮಹಿಳೆಯರ ಮೇಲೆ ಪರೀಕ್ಷಿಸಿದ ಕ್ರಮವದು: ಹಗಲು ಹೊತ್ತಿನಲ್ಲಿ ಕನಸಿಗೆ ಬೇರೊಂದು ಕತೆ ಕಟ್ಟಿ, ದಿನಕ್ಕೆ ಕೆಲವು ನಿಮಿಷ ಅದನ್ನೇ ಮನಸ್ಸಿನಲ್ಲಿ ಓಡಿಸಿಕೊಳ್ಳುವುದು. ಯಶೋಧರನೂ ಕನಸು ಕಟ್ಟಿದ್ದ, ಆದರೆ ತಾಯಿಗೆ ಹೇಳಲು.