ಒಂಟಿ ಸೂಜಿಯ ಕಾಲುಚೀಲ

ನೈಲ್ ಕಣಿವೆಯ ಆಕ್ಸಿರಿಂಕಸ್ ಪಟ್ಟಣದ ಸ್ಮಶಾನದಲ್ಲಿ 19ನೇ ಶತಮಾನದ ಕೊನೆಗೆ ಸಿಕ್ಕ ಕೆಂಪು ಉಣ್ಣೆಯ ಕಾಲುಚೀಲಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಅವು ಕ್ರಿ.ಶ. 250ರಿಂದ 420ರ ನಡುವಿನವು. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೊಂದು ಎಂದು ತುದಿ ಎರಡಾಗಿ ಸೀಳಿದೆ; ಚಪ್ಪಲಿಯ ಪಟ್ಟಿ ಆ ಸೀಳಿನಲ್ಲಿ ಕೂರುತ್ತಿತ್ತು.

ನೋಡಲು ಎರಡು ಕಡ್ಡಿಯ ಹೆಣಿಗೆಯಂತಿರುವ ಇಂಥ ಬಟ್ಟೆಗಳನ್ನು ತಜ್ಞರೂ ಬಹುಕಾಲ ಹಾಗೆಂದೇ ಗುರುತಿಸಿದ್ದರು. ನಿಜವಾಗಿ ಇದು ಒಂಟಿ ಸೂಜಿಯ ಕೆಲಸ. ಸ್ಕ್ಯಾಂಡಿನೇವಿಯಾದ ಭಾಷೆಗಳಿಂದ ಬಂದ ಹೆಸರು ನೋಲ್‌ಬಿಂಡಿಂಗ್. ಮೂಳೆ, ಕೊಂಬು ಅಥವಾ ಮರದ ಮೊಂಡು ಸೂಜಿಗೆ ನೂಲು ಪೋಣಿಸಿ, ಪ್ರತಿ ಕುಣಿಕೆಯ ಮೂಲಕವೂ ಇಡೀ ಎಳೆಯನ್ನು ಎಳೆದು ತೆಗೆಯಬೇಕು. ಹೀಗಾಗಿ ಉದ್ದನೆಯ ನೂಲಿನುಂಡೆ ಇಲ್ಲಿ ಉಪಯೋಗಕ್ಕೆ ಬಾರದು. ತುಂಡು ಎಳೆಗಳೇ ಬೇಕು. ಒಂದು ತುಂಡು ಮುಗಿದಾಗ ಅದರ ತುದಿಯನ್ನೂ ಹೊಸದರ ತುದಿಯನ್ನೂ ಬಿಡಿಸಿ, ಒದ್ದೆ ಮಾಡಿ, ಅಂಗೈಗಳ ನಡುವೆ ಬಿರುಸಾಗಿ ಹೊಸೆದರೆ ಉಣ್ಣೆ ತಾನೇ ಬೆಸೆದುಕೊಳ್ಳುತ್ತದೆ, ಗಂಟು ಬೇಕಿಲ್ಲ. ಪಾದಕ್ಕೆ ಒತ್ತುವ ಗಂಟಿಲ್ಲದ ಕಾಲುಚೀಲ ನಡೆಯುವವರಿಗೆ ಎಷ್ಟು ಹಿತವೆಂದು ಹೇಳಬೇಕಾಗಿಲ್ಲ.

ಕೆಲಸ ನಿಧಾನವಾದರೂ ಬಾಳಿಕೆ ಹೆಚ್ಚು. ಕಡ್ಡಿಯ ಹೆಣಿಗೆಯಲ್ಲಿ ಒಂದೆಳೆ ಹರಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕುಣಿಕೆಗಳು ಒಂದರೊಳಗೊಂದು ತೊಡಕಿಕೊಂಡಿರುವುದರಿಂದ ತೂತು ಬಿದ್ದಷ್ಟೇ ಜಾಗದಲ್ಲಿ ನಿಲ್ಲುತ್ತದೆ. ಹಿಮ್ಮಡಿ ಸವೆದರೆ ತೇಪೆಯ ಬಟ್ಟೆ ಹುಡುಕಬೇಕಿಲ್ಲ: ತೂತಿನ ಅಂಚಿನ ಗಟ್ಟಿ ಕುಣಿಕೆಗಳನ್ನೇ ಹಿಡಿದು, ಅದೇ ಸೂಜಿಯಿಂದ ಸುತ್ತುತ್ತ ಒಳಕ್ಕೆ ತುಂಬಿದರಾಯಿತು. ಉಳಿದ ತುಂಡು ನೂಲೂ ಇದಕ್ಕೆ ಸಾಕು.

ಬಡತನದ ಉಡುಪೆಂದು ಇದನ್ನು ಕಡೆಗಣಿಸುವಂತಿಲ್ಲ. ಈಜಿಪ್ಟಿನ ಆಂಟಿನೊಪೊಲಿಸ್ಸಿನ ಕಸದ ಗುಡ್ಡೆಯಲ್ಲಿ ಸಿಕ್ಕಿ ಬ್ರಿಟಿಷ್ ಮ್ಯೂಸಿಯಮ್ ಸೇರಿದ, ಸುಮಾರು ಕ್ರಿ.ಶ. 300ರ ಮಗುವಿನ ಎಡಗಾಲಿನ ಚೀಲದಲ್ಲಿ ಬಣ್ಣಬಣ್ಣದ ಪಟ್ಟೆಗಳಿವೆ. ಕೆಂಪು, ನೀಲಿ, ಹಳದಿಯ ಮೂರೇ ಸಸ್ಯಬಣ್ಣಗಳಿಂದ ಅಷ್ಟೂ ಪಟ್ಟೆ ಮೂಡಿದವೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಬೇಗ ಬೆಳೆದುಬಿಡುವ ಪುಟ್ಟ ಪಾದಕ್ಕೂ ಯಾರೋ ಇಷ್ಟು ಶ್ರಮ ಪಟ್ಟಿದ್ದರು.

ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಉತ್ಖನನದಲ್ಲಿ 10ನೇ ಶತಮಾನದ, ವೈಕಿಂಗರ ಕಾಲದ, ಇದೇ ಒಂಟಿ ಸೂಜಿಯ ಕೆಲಸದ ಉಣ್ಣೆಯ ಕಾಲುಚೀಲವೊಂದು ದೊರೆತಿದೆ. ಮುಂದೆ ಈಜಿಪ್ಟಿನಲ್ಲೇ ನೀಲಿ-ಬಿಳಿ ಹತ್ತಿಯ, ಕಡ್ಡಿಯಲ್ಲಿ ಹೆಣೆದ ಕಾಲುಚೀಲಗಳು ಕಾಣಿಸಿಕೊಂಡವು. ತುಂಡರಿಸದ ನೂಲಿನಿಂದ ಸರಸರನೆ ಸಾಗುವ ಆ ಹೆಣಿಗೆ ಯೂರೋಪಿನಲ್ಲೂ ಹರಡಿ ಹಳೆಯ ವಿದ್ಯೆಯನ್ನು ಹಿಂದೆ ಸರಿಸಿತು. ಫಿನ್‌ಲ್ಯಾಂಡ್, ಸ್ವೀಡನ್‌ಗಳ ಹಳ್ಳಿಗಳಲ್ಲಿ ಮಾತ್ರ ದಪ್ಪ ಉಣ್ಣೆಯ ಕೈಗವಸು ಮಾಡಲು ಒಂಟಿ ಸೂಜಿ 20ನೇ ಶತಮಾನದಲ್ಲೂ ಬಳಕೆಯಲ್ಲಿತ್ತು.