ಆಟದ ಪ್ರತಿ, ಆಟದ ಪಾಠ: ಕಲ್ಯಾಣ ನಾಡಿನ ಮಣೆಯಾಟಗಳ ಉಳಿವಿನ ಚರಿತ್ರೆ

ಪೀಠಿಕೆ

ಜನಪದರ ಸೃಷ್ಟಿಗಳಲ್ಲಿ ಆಟವು ಅತ್ಯಂತ ಚಂಚಲವಾದುದು. ಹಾಡನ್ನು ಬರೆದಿಡಬಹುದು, ಕಥೆಯನ್ನು ಧ್ವನಿಮುದ್ರಿಸಿಕೊಳ್ಳಬಹುದು, ಗುಡಿಯನ್ನು ಅಳೆದು ನಕ್ಷೆ ತೆಗೆಯಬಹುದು. ಆಟವಾದರೋ ಆಡುವಷ್ಟು ಹೊತ್ತು ಮಾತ್ರ ಜೀವಂತವಾಗಿರುತ್ತದೆ. ಕಾಯಿಗಳನ್ನು ಎತ್ತಿಕೊಂಡ ಮೇಲೆ ನೆಲದ ಮೇಲೆ ಉಳಿಯುವುದು ಗೆರೆಗಳಷ್ಟೇ. ಹೀಗಿದ್ದೂ ಚೌಕಾಬಾರಾ, ಪಗಡೆ, ಹುಲಿ–ಕುರಿ, ಅಳಗುಳಿಮಣೆ ಮೊದಲಾದ ಆಟಗಳು ಅನೇಕ ತಲೆಮಾರುಗಳನ್ನು ದಾಟಿ ಬಂದಿವೆ. ಅವು ಯಾವ ಬಗೆಯಲ್ಲಿ ಉಳಿದು ಬಂದವು, ಉಳಿಯುವಾಗ ಏನನ್ನು ಕಳೆದುಕೊಂಡವು ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಗ್ರಂಥಸಂಪಾದನಾಶಾಸ್ತ್ರದ ಎರಡು ಪರಿಭಾಷೆಗಳು ನೆರವಾಗುತ್ತವೆ. ಒಂದು ‘ಪ್ರತಿ’, ಇನ್ನೊಂದು ‘ಪಾಠ’. ಒಂದು ಓಲೆಗರಿಯ ಕಟ್ಟು ಗೆದ್ದಲಿಗೆ ತುತ್ತಾದರೆ ಇನ್ನೊಂದು ಇರಲಿ ಎಂದು ಮಾಡಿಕೊಂಡದ್ದು ಪ್ರತಿ. ಪ್ರತಿಯಿಂದ ಪ್ರತಿಗೆ ಸಾಗುವಾಗ ತಿಳಿದೋ ತಿಳಿಯದೆಯೋ ಉಂಟಾದ ಬೇರೆ ಬೇರೆ ರೂಪಗಳು ಪಾಠಗಳು. ಪ್ರತಿಯು ನಾಶದಿಂದ ಕಾಪಾಡುತ್ತದೆ; ಪಾಠದ ಅರಿವು ಬದಲಾವಣೆಯ ಚರಿತ್ರೆಯನ್ನು ತಿಳಿಸುತ್ತದೆ. ಇವೆರಡೂ ಒಂದೇ ಅಲ್ಲವೆಂಬುದನ್ನು ಮರೆತಲ್ಲಿ ಸಂರಕ್ಷಣೆಯ ಕಾರ್ಯ ಅರೆಬರೆಯಾಗುತ್ತದೆ.

ಕಂಪ್ಯೂಟರಿನಲ್ಲಿ ಆಟಗಳನ್ನು ರಚಿಸುವವರು ಈ ಭೇದವನ್ನು ಅನುಭವದಿಂದಲೇ ಕಲಿತವರು. ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ 1989ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಆದರೆ ಅದರ ಮೂಲ ಬರವಣಿಗೆ, ಎಂದರೆ ಆಟದ ನಡೆಗಳನ್ನು ಯಂತ್ರಕ್ಕೆ ವಿಧಿಸುವ ಸೋರ್ಸ್ ಕೋಡ್, ಅನೇಕ ವರ್ಷ ಎಲ್ಲಿದೆಯೆಂದೇ ತಿಳಿದಿರಲಿಲ್ಲ. 2012ರಲ್ಲಿ ರಚನಕಾರನ ತಂದೆಯ ಮನೆಯಲ್ಲಿ ಹಳೆಯ ಫ್ಲಾಪಿಗಳು ಸಿಕ್ಕ ಮೇಲೆ ಅದನ್ನು ಓದಿ ತೆಗೆಯಲಾಯಿತು. ಆಡುವ ಆಟದ ಪ್ರತಿಗಳು ಜಗತ್ತಿನಾದ್ಯಂತ ಹರಡಿದ್ದರೂ, ಆ ಆಟ ಹೇಗೆ ರಚಿತವಾಯಿತೆಂಬುದನ್ನು ತಿಳಿಸುವ ದಾಖಲೆ ಒಂದು ಮನೆಯ ಮೂಲೆಯಲ್ಲಿತ್ತು. ಕನ್ನಡನಾಡಿನ ಮಣೆಯಾಟಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ.

ಕಲ್ಲಿನ ಮೇಲಿನ ಪ್ರತಿ

ಆಟದ ಹಾಸುಗಳ ದೀರ್ಘಾಯುವಾದ ಪ್ರತಿಗಳು ಕಲ್ಲಿನ ಮೇಲಿವೆ. ಹಂಪಿಯ ಮಂಟಪಗಳ ನೆಲಗಟ್ಟಿನಲ್ಲಿ ಹುಲಿ–ಕುರಿ ಆಟದ ಗೆರೆಗಳನ್ನೂ ಸಾಲುಮನೆಯ ಚೌಕಗಳನ್ನೂ ಅಳಗುಳಿಯ ಕುಳಿಗಳನ್ನೂ ಕಾಣಬಹುದು. ಆಟಕ್ಕೆ ಕುಳಿತವರು ಅರಸರೋ ಕಾವಲಿನವರೋ ಯಾತ್ರಿಕರೋ ದನ ಕಾಯುವ ಹುಡುಗರೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಗುಡಿಯ ಕಾಲವೇ ಗೆರೆಗಳ ಕಾಲವೆಂದು ಹೇಳಲೂ ಬರುವುದಿಲ್ಲ. ಗುಡಿ ಕಟ್ಟಿದ ಎಷ್ಟೋ ಶತಮಾನಗಳ ಬಳಿಕವೂ ಯಾರಾದರೂ ಉಳಿಯಿಂದ ಕೊರೆದಿರಬಹುದು.

ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಕಲ್ಲು ಹಾಸನ್ನು ಉಳಿಸುತ್ತದೆಯೇ ಹೊರತು ಆಟವನ್ನಲ್ಲ. ತ್ರಿಕೋನಾಕಾರದ ಹಾಸಿನಲ್ಲಿ ಮೂರು ಹುಲಿ, ಹದಿನೈದು ಕುರಿಗಳನ್ನಿಟ್ಟು ಆಡುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದೆ. ಚೌಕಾಕಾರದ ಹಾಸಿನಲ್ಲಿ ನಾಲ್ಕು ಹುಲಿ, ಇಪ್ಪತ್ತು ಕುರಿಗಳನ್ನಿಟ್ಟು ಆಡುವ ಪದ್ಧತಿ ನೇಪಾಳದಲ್ಲಿ ಪ್ರಸಿದ್ಧವಾಗಿದೆ. ಇಂದು ಆಡುವವರಿರುವುದರಿಂದ ಈ ಸಂಖ್ಯೆಗಳು ತಿಳಿದಿವೆ. ಆಡುವವರು ಇಲ್ಲವಾದರೆ ಕಲ್ಲಿನ ಗೆರೆಗಳನ್ನು ನೋಡಿ ಹುಲಿ ಎಷ್ಟು, ಕುರಿ ಎಷ್ಟು ಎಂದು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಕಲ್ಲಿನದು ಪಾಠವಿಲ್ಲದ ಪ್ರತಿ.

ನೆನಪಿನಲ್ಲಿರುವ ಪಾಠ

ಕಲಬುರಗಿಯ ಜಗತ್ ಬಡಾವಣೆಯಿಂದ ಕಮಲಾಪುರದವರೆಗಿನ ಸೀಮೆಯಲ್ಲಿ ಆಟದ ಹಾಸು ಬಹುಮಟ್ಟಿಗೆ ಶಾಶ್ವತವಾದುದಲ್ಲ. ಶಹಾಬಾದಿ ಫರಸಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದ ಇಪ್ಪತ್ತೈದು ಮನೆಗಳು ಮರುದಿನದ ಸಾರಣೆಯಲ್ಲಿ ಅಳಿಸಿಹೋಗುತ್ತವೆ. ಕವಡೆ ದೊರೆಯದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ಕಾಯಿಗಳಿಗೆ ಬಳೆಚೂರು, ಹರಳು, ಕಾಳು. ಇಲ್ಲಿ ಸಾಮಗ್ರಿಗೆ ಬೆಲೆಯಿಲ್ಲ, ಆಟವೆಲ್ಲ ನೆನಪಿನಲ್ಲಿದೆ.

ಚೌಕಾಬಾರಾದ ಸಾಮಾನ್ಯ ನಡೆ ಎಲ್ಲರಿಗೂ ತಿಳಿದದ್ದು. ತನ್ನ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತಿನ ಹದಿನಾರು ಮನೆಗಳನ್ನು ಬಳಸಿ, ದಿಕ್ಕು ಬದಲಿಸಿ, ಒಳಸುತ್ತಿನ ಎಂಟು ಮನೆಗಳನ್ನು ದಾಟಿ, ನಡುಮನೆಯನ್ನು ಸೇರಿ ಹಣ್ಣಾಗುತ್ತದೆ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು; ಇವೆರಡಕ್ಕೂ ಮತ್ತೊಮ್ಮೆ ಎಸೆಯುವ ಹಕ್ಕು. ಇಷ್ಟನ್ನು ಬಿಟ್ಟರೆ ಉಳಿದುದೆಲ್ಲ ಮನೆಯಿಂದ ಮನೆಗೆ ಬೇರೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಜೋಡಿ ಕಾಯಿಗಳನ್ನು ಒಂಟಿ ಕಾಯಿ ಕಡಿಯಬಹುದೇ? ಒಂದೇ ಸಮನೆ ಮೂರು ಬಾರಿ ದೊಡ್ಡ ಲೆಕ್ಕ ಬಿದ್ದರೆ ಅದು ಅಳಿಯುತ್ತದೆಯೇ, ಉಳಿಯುತ್ತದೆಯೇ? ಈ ಪ್ರಶ್ನೆಗಳಿಗೆ ಕೊಡುವ ಉತ್ತರಗಳೇ ಆಟದ ಪಾಠಾಂತರಗಳು.

ಈ ಪಾಠಗಳು ಸಂಚರಿಸುವ ಮಾರ್ಗ ಗಮನಾರ್ಹವಾದುದು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿಯ ಜೊತೆಗೆ ಮನೆಯಾಟಗಳಿಗೂ ಅದು ಕಾಲ. ಮದುವೆಯಾಗಿ ಹೋಗುವಾಗ ತವರಿನ ಕಟ್ಟಳೆಯನ್ನು ಕೊಂಡೊಯ್ದವಳು ಬರುವಾಗ ಅತ್ತೆಮನೆಯ ಕಟ್ಟಳೆಯನ್ನೂ ತರುತ್ತಾಳೆ. ‘ನಮ್ಮಲ್ಲಿ ಹಿಂಗ ಆಡಂಗಿಲ್ಲವ್ವಾ’ ಎಂಬಂತಹ ಮಾತಿನಿಂದ ಆರಂಭವಾಗುವ ತಕರಾರು, ಆಟ ತೊಡಗುವ ಮೊದಲೇ ‘ಇವತ್ತಿಗೆ ಹೀಗೆ’ ಎಂಬ ಒಪ್ಪಂದದಲ್ಲಿ ಮುಗಿಯುತ್ತದೆ. ಕವಲೊಡೆದ ಎರಡು ಪಾಠಗಳನ್ನು ಒಂದುಗೂಡಿಸುವ ಈ ಕ್ರಮದಲ್ಲಿ ಜನಪದರ ಜಾಣ್ಮೆ ಎದ್ದು ಕಾಣುತ್ತದೆ. ಒಪ್ಪಂದಕ್ಕೆ ಮಾತ್ರ ದಾಖಲೆಯಿಲ್ಲ. ಹೊಸ ಕಟ್ಟಳೆ ನೆಲೆಗೊಂಡ ಮೇಲೆ ಹಳೆಯದು ಮರೆವಿಗೆ ಸಲ್ಲುತ್ತದೆ. ನೆನಪು ಇತ್ತೀಚಿನ ಪಾಠವನ್ನು ಮಾತ್ರ ಕಾಯ್ದುಕೊಳ್ಳುತ್ತದೆ.

ಗ್ರಂಥಸ್ಥ ಪಾಠಗಳು

ಕಲಬುರಗಿಯಿಂದ ಕಮಲಾಪುರ, ಹುಮನಾಬಾದಗಳನ್ನು ಹಾದುಹೋಗುವ ದಾರಿ ಬಸವಕಲ್ಯಾಣವನ್ನು ಮುಟ್ಟಿಸುತ್ತದೆ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಕಲ್ಯಾಣದಲ್ಲಿಯೇ ಆಟಗಳನ್ನು ಶಾಸ್ತ್ರದ ಚೌಕಟ್ಟಿಗೆ ತಂದ ಮಹತ್ವದ ಪ್ರಯತ್ನವೊಂದು ನಡೆಯಿತು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಕೊನೆಯದಾದ ಕ್ರೀಡಾವಿಂಶತಿಯಲ್ಲಿ ವನಕ್ರೀಡೆ, ಆಂದೋಲನಕ್ರೀಡೆಗಳ ಜೊತೆಯಲ್ಲಿ ಚತುರಂಗ, ಪಾಶಕ, ವರಾಟಿಕಾ ಎಂಬ ಮಣೆಯಾಟಗಳೂ ಸೇರಿವೆ. ವರಾಟಿಕೆಯೆಂದರೆ ಕವಡೆ. ಅರಮನೆಯಲ್ಲಿ ಕವಡೆ ಎಸೆದವರಿಗೆ ಒಂದು ಪಾಠ ದೊರೆಯಿತು. ಅದೇ ಊರಿನ ಕೇರಿಯಲ್ಲಿ ಎಸೆದವರಿಗೆ ದೊರೆಯಲಿಲ್ಲ.

ಗ್ರಂಥಸ್ಥವಾದರೂ ಅದು ಸುಲಭವಾಗಿ ಕೈಗೆ ಬರಲಿಲ್ಲ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರ್ ಅವರ ಸಂಪಾದಕತ್ವದಲ್ಲಿ ಇದರ ಮೂರು ಸಂಪುಟಗಳು 1925, 1939 ಮತ್ತು 1961ರಲ್ಲಿ ಪ್ರಕಟವಾದವು. ಕಲ್ಯಾಣದಲ್ಲಿ ಹುಟ್ಟಿದ ಆಟಗಳ ವಿವರಣೆ ಅಚ್ಚಿನಲ್ಲಿ ಪೂರ್ಣವಾಗಿ ಕಾಣಿಸಿಕೊಳ್ಳಲು ಎಂಟು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು. ಅಷ್ಟರವರೆಗೆ ಅದನ್ನು ಕಾಪಾಡಿದವರು ಹೆಸರಿಲ್ಲದ ಲಿಪಿಕಾರರು.

ಎರಡನೆಯ ದೊಡ್ಡ ಪ್ರಯತ್ನ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೆ ಮೀಸಲು. ಗಂಜೀಫಾ ಎಲೆಗಳ ಆಟವನ್ನು ಈ ಅರಸರು ‘ಛದ’ವೆಂಬ ಹೆಸರಿನಲ್ಲಿ ವಿಸ್ತರಿಸಿ, 360 ಎಲೆಗಳವರೆಗಿನ ಕಟ್ಟುಗಳನ್ನು ರೂಪಿಸಿದರು. ಒಂದೇ ಆಟದ ಹಲವು ಪಾಠಗಳನ್ನು ಒಂದಕ್ಕೊಂದು ಬೆರೆಸದೆ, ಒಂದೊಂದಕ್ಕೂ ಹೆಸರಿಟ್ಟು ದಾಖಲಿಸಿದುದು ಕೌತುಕನಿಧಿಯ ಹೆಚ್ಚುಗಾರಿಕೆ. ಆದರೆ ಈ ಜಟಿಲವಾದ ಆಟಗಳು ಅರಮನೆಯನ್ನು ದಾಟಿ ಜನರ ನಡುವೆ ಬೇರೂರಲಿಲ್ಲ. ಕೇರಿಯಲ್ಲಿ ಆಡುವವರಿದ್ದೂ ಬರಹವಿಲ್ಲ; ಅರಮನೆಯಲ್ಲಿ ಬರಹವಿದ್ದೂ ಆಡುವವರಿಲ್ಲ. ಕನ್ನಡನಾಡಿನ ಆಟಗಳ ಚರಿತ್ರೆ ಈ ಎರಡು ಕೊರತೆಗಳ ನಡುವೆ ಸಾಗಿ ಬಂದಿದೆ.

ಪದಗಳಲ್ಲಿ ಉಳಿದ ಕುರುಹು

ಮರೆತ ಪಾಠಗಳು ಪೂರ್ಣವಾಗಿ ಅಳಿಯುವುದಿಲ್ಲ. ಅವುಗಳ ಕುರುಹು ಕೆಲವೊಮ್ಮೆ ಎಣಿಕೆಯ ಪದಗಳಲ್ಲಿ ಉಳಿದಿರುತ್ತದೆ. ಮರಾಠಿ ಸೀಮೆಯ ವಿಟಿದಾಂಡು, ಎಂದರೆ ಕನ್ನಡಿಗರ ಚಿನ್ನಿದಾಂಡಿನಲ್ಲಿ ‘ವಕಟ, ಲೇಂಡ, ಮುಂಡ, ನಾಲ’ ಎಂಬ ಎಣಿಕೆ ಪ್ರಸಿದ್ಧವಾಗಿದೆ. ಮರಾಠಿಯಲ್ಲಿ ಇವು ಸಂಖ್ಯಾವಾಚಕಗಳಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಇವುಗಳ ಹಿಂದೆ ಸ್ಪಷ್ಟವಾಗಿ ಕಾಣುತ್ತವೆ. ಆಡುವ ಮಕ್ಕಳಿಗೆ ಅರ್ಥ ತಿಳಿಯದಿದ್ದರೂ, ಆಟವು ಯಾವ ಭಾಷೆಯ ನೆರೆಯಿಂದ ಬಂದಿತೆಂಬ ವಿವರ ಅವರ ಬಾಯಲ್ಲೇ ಉಳಿದಿದೆ.

ಚೌಕಾಬಾರಾ ಎಂಬ ಹೆಸರೂ ಇದೇ ಬಗೆಯದು. ಹಿಂದೂಸ್ತಾನಿಯಲ್ಲಿ ‘ಚೌಕಾ’ ನಾಲ್ಕನ್ನೂ ‘ಬಾರಾ’ ಹನ್ನೆರಡನ್ನೂ ಸೂಚಿಸುತ್ತವೆ. ನಾಲ್ಕು ಕವಡೆಗಳ ಆಟದಲ್ಲಾದರೋ ಹನ್ನೆರಡು ಬೀಳುವ ಸಂಭವವೇ ಇಲ್ಲ, ಬೀಳುವುದು ಎಂಟು. ತೆಲುಗರು ಇದೇ ಆಟವನ್ನು ‘ಅಷ್ಟಾಚಮ್ಮಾ’ ಎಂದು ಕರೆದು ಎಂಟು ಮತ್ತು ನಾಲ್ಕರ ಲೆಕ್ಕವನ್ನು ಹೆಸರಿನಲ್ಲಿಯೇ ಇಟ್ಟಿದ್ದಾರೆ. ಹೆಚ್ಚು ಕವಡೆಗಳಿಂದ ಆಡುತ್ತಿದ್ದ ಹಳೆಯ ಪಾಠವೊಂದರ ನೆನಪು ‘ಬಾರಾ’ದಲ್ಲಿ ಉಳಿದಿರಬಹುದೆಂದು ಊಹಿಸಲು ಅವಕಾಶವಿದೆ. ಆರು ಕವಡೆಗಳ ಆಟದಲ್ಲಿ ಹನ್ನೆರಡು ದೊಡ್ಡ ಲೆಕ್ಕವಾಗಿರುವುದು ಈ ಊಹೆಗೆ ಪೂರಕ. ಕನ್ನಡ, ತೆಲುಗು, ಮರಾಠಿ, ದಖನಿಗಳು ಕೂಡಿ ಬಾಳಿದ ಕಲಬುರಗಿ ಸೀಮೆಯಲ್ಲಿ ಊರೂರಿನ ಪಾಠಗಳನ್ನು ಕಾಲಕಾಲಕ್ಕೆ ಬರೆದಿಟ್ಟಿದ್ದರೆ ಈ ಮಾತು ಊಹೆಯಾಗಿ ಉಳಿಯುತ್ತಿರಲಿಲ್ಲ.

ಚತುರಂಗದ ವಿಷಯದಲ್ಲಿ ನಷ್ಟ ಇನ್ನೂ ಸ್ಪಷ್ಟ. ಹಳೆಯ ಪದ್ಧತಿಯಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಆ ಕಾಯಿ ರಾಣಿಯಾಗಿ ಎಂಟು ದಿಕ್ಕಿಗೂ ದೂರ ನಡೆಯುವ ಬಲ ಪಡೆಯಿತು. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಚಲಿಸುವ ಕಟ್ಟಳೆ ಭಾರತದ ಮನೆಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. 1924ರಲ್ಲಿ ಸ್ಥಾಪನೆಯಾದ ವಿಶ್ವ ಚೆಸ್ ಒಕ್ಕೂಟದ ನಿಯಮಗಳು ಶಾಲೆಗಳನ್ನೂ ಪಂದ್ಯಾವಳಿಗಳನ್ನೂ ವ್ಯಾಪಿಸಿದಂತೆ ಮನೆಯ ಕಟ್ಟಳೆಗಳು ‘ತಪ್ಪು ಆಟ’ವೆನಿಸಿಕೊಂಡು ಹಿಂದೆ ಸರಿದವು.

ಯಂತ್ರಯುಗದ ಕ್ರಮ

ಕಂಪ್ಯೂಟರ್ ಆಟಗಳ ರಚನೆಯಲ್ಲಿ ರೂಢಿಗೆ ಬಂದ ಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆ ಆರಂಭವಾಗುವುದರೊಂದಿಗೆ ಈ ಉದ್ಯಮ ಕನ್ನಡನಾಡಿಗೂ ಬಂದಿತು. ಇಂತಹ ರಚನೆಯಲ್ಲಿ ಹಲವಾರು ಜನ ಏಕಕಾಲಕ್ಕೆ ಕೆಲಸ ಮಾಡುವುದರಿಂದ ಒಬ್ಬನ ತಿದ್ದುಪಡಿ ಇನ್ನೊಬ್ಬನದನ್ನು ಅಳಿಸುವ ಅಪಾಯ ಸದಾ ಇರುತ್ತದೆ. ಇದನ್ನು ತಡೆಯಲು ಪಾಠನಿರ್ವಹಣೆಯ ಸಾಧನಗಳು ಬಂದವು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಪ್ರತಿಯೊಂದು ತಿದ್ದುಪಡಿಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ಟಿಪ್ಪಣಿಯೊಡನೆ ಅದು ಕಾಯ್ದಿಡುತ್ತದೆ. ಬೇಕೆಂದಾಗ ಹಿಂದಿನ ಪಾಠಕ್ಕೆ ಮರಳಬಹುದು, ಕವಲುಗಳನ್ನು ಕೂಡಿಸಬಹುದು. ಚಿತ್ರ, ಧ್ವನಿಗಳಂತಹ ಭಾರಿ ಕಡತಗಳು ಇಂತಹ ಭಂಡಾರದಲ್ಲಿ ಸುಲಭವಾಗಿ ಒಗ್ಗುವುದಿಲ್ಲವಾದ್ದರಿಂದ 2015ರಿಂದ ಅವುಗಳನ್ನು ಬೇರೆಡೆ ಇಟ್ಟು ಗುರುತನ್ನು ಮಾತ್ರ ಸೇರಿಸುವ ವ್ಯವಸ್ಥೆಯೂ ದೊರೆತಿದೆ.

ಆದರೆ ಪಾಠನಿರ್ವಹಣೆ ಇದ್ದ ಮಾತ್ರಕ್ಕೆ ಕಾಪು ದೊರೆಯಿತೆಂದಲ್ಲ. ಎಲ್ಲ ಪಾಠಗಳೂ ಒಂದೇ ಯಂತ್ರದಲ್ಲಿದ್ದು ಆ ಯಂತ್ರ ಕೆಟ್ಟರೆ ಚರಿತ್ರೆಯೆಲ್ಲ ಒಟ್ಟಿಗೆ ಹೋಗುತ್ತದೆ. ಆದುದರಿಂದಲೇ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬ ಸೂತ್ರ ರೂಢಿಗೆ ಬಂದಿದೆ. ಕಾಪಿಟ್ಟ ಪ್ರತಿಯನ್ನು ಆಗಾಗ ತೆರೆದು, ಆಟ ನಡೆಯುವುದೇ ಎಂದು ಪರೀಕ್ಷಿಸುವುದು ಇದಕ್ಕೆ ಪೂರಕವಾದ ನಿಯಮ. ಛದದ ಆಟಗಳಿಗೆ ಇಲ್ಲದೆ ಹೋದುದು ಈ ಪರೀಕ್ಷೆಯೇ.

ಸಂಗ್ರಹಕಾರ್ಯದ ಲೋಪ

ಜನಪದ ಆಟಗಳ ಸಂಗ್ರಹಗಳು ಕನ್ನಡದಲ್ಲಿ ಗಣನೀಯ ಸಂಖ್ಯೆಯಲ್ಲಿ ಬಂದಿವೆ. ಅವುಗಳ ಹಿಂದಿನ ಶ್ರಮ ಗೌರವಕ್ಕೆ ಅರ್ಹವಾದುದು. ಆದರೂ ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಲೋಪವನ್ನು ಹೇಳದೆ ವಿಧಿಯಿಲ್ಲ. ನಾಲ್ಕಾರು ಊರುಗಳಲ್ಲಿ ಕೇಳಿದುದನ್ನು ಕೂಡಿಸಿ, ಭಿನ್ನತೆಗಳನ್ನು ತೊಡೆದು, ‘ಆಡುವ ವಿಧಾನ’ ಎಂಬ ತಲೆಬರಹದಡಿ ಒಂದೇ ವಿವರಣೆ ನೀಡಲಾಗುತ್ತದೆ. ಯಾವ ಊರಿನ, ಯಾರ ಮನೆಯ, ಯಾವ ವರ್ಷದ ಆಟವೆಂಬುದು ತಿಳಿಯುವುದಿಲ್ಲ. ಹೀಗೆ ಸಿದ್ಧವಾದ ಆಟವನ್ನು ವಾಸ್ತವವಾಗಿ ಎಲ್ಲಿಯೂ ಯಾರೂ ಆಡಿರುವುದಿಲ್ಲ. ಗ್ರಂಥಸಂಪಾದಕನು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದೆ ಬಿಸಾಡಿದರೆ ವಿದ್ವತ್‌ಲೋಕ ಒಪ್ಪುವುದಿಲ್ಲ. ಆಟದ ಸಂಗ್ರಹಕ್ಕೆ ಮಾತ್ರ ಈ ವಿನಾಯಿತಿ ಏಕೆ?

ಹಾಡಿನ ವಿಷಯದಲ್ಲಿ ಈ ಶಿಸ್ತು ಸಾಧ್ಯವಾಗಿದೆ. ತುಳುನಾಡಿನ ಸಿರಿ ಮಹಾಕಾವ್ಯವನ್ನು 1990ರಲ್ಲಿ ಗೋಪಾಲ ನಾಯ್ಕರಿಂದ ಕೇಳಿ ದಾಖಲಿಸಿದ ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ತಂಡ 1998ರಲ್ಲಿ 15,683 ಸಾಲುಗಳ ಪಾಠವನ್ನು ಪ್ರಕಟಿಸಿತು. ಅದು ‘ತುಳುವರ ಸಿರಿ’ಯ ಏಕೈಕ ಪಾಠವಲ್ಲ, ಒಬ್ಬ ಗಾಯಕ ಒಂದು ಸಂದರ್ಭದಲ್ಲಿ ಹಾಡಿದ ಪಾಠವೆಂಬ ಎಚ್ಚರ ಅಲ್ಲಿದೆ. ಅದೇ ಕಥಾನಕದಲ್ಲಿ ಅಬ್ಬಗ–ದಾರಗ ಎಂಬ ಅವಳಿಗಳ ಸಾವಿಗೆ ಚೆನ್ನೆಮಣೆಯ ಆಟ ಕಾರಣವಾಗುತ್ತದೆ. ಹಾಡಿಗೆ ದೊರೆತ ಮರ್ಯಾದೆ ಹಾಡಿನೊಳಗೆ ಬರುವಂತಹ ಆಟಗಳಿಗೂ ದೊರೆಯಬೇಕಾಗಿದೆ.

ಉಪಸಂಹಾರ

ಕಲ್ಲು ಹಾಸನ್ನು ಉಳಿಸಿತು, ನೆನಪು ಆಟವನ್ನು ಉಳಿಸಿತು, ಗ್ರಂಥ ಕಟ್ಟಳೆಯನ್ನು ಉಳಿಸಿತು. ಮೂರೂ ಒಂದೆಡೆ ಕೂಡಿದ ಸಂದರ್ಭ ವಿರಳ. ಇಂದಿನ ಸಂಗ್ರಹಕಾರನ ಕೈಯಲ್ಲಿ ಧ್ವನಿ, ಚಿತ್ರ, ಬರಹಗಳೆಲ್ಲವನ್ನೂ ಒಟ್ಟಿಗೆ ಹಿಡಿಯುವ ಸಾಧನಗಳಿವೆ. ಊರು, ದಿನ, ಆಡಿದವರ ವಯಸ್ಸು, ಆಟ ಆರಂಭವಾಗುವ ಮುನ್ನ ನಡೆದ ತಕರಾರು ಮತ್ತು ಒಪ್ಪಂದ ಇವಿಷ್ಟನ್ನೂ ದಾಖಲಿಸಿ, ಒಂದು ಪಾಠದಿಂದ ಇನ್ನೊಂದನ್ನು ಅಳಿಸದೆ, ಒಂದಕ್ಕಿಂತ ಹೆಚ್ಚು ಗ್ರಂಥಾಲಯಗಳಲ್ಲಿ ಇರಿಸುವ ಕಾರ್ಯ ಕಲಬುರಗಿಯಂತಹ ಬಹುಭಾಷಿಕ ಸೀಮೆಯಿಂದ ಆರಂಭವಾಗುವುದು ಉಚಿತ. ಪಂಚಮಿಗೆ ತವರಿಗೆ ಬಂದು ಫರಸಿಯ ಮೇಲೆ ಮನೆ ಬರೆದು ಕುಳಿತುಕೊಳ್ಳುವ ಹೆಣ್ಣುಮಕ್ಕಳು ಇನ್ನೂ ಇರುವಾಗಲೇ ಅದು ನಡೆಯಬೇಕು. ಅವರ ನಂತರ ಗೆರೆಗಳು ದೊರೆತಾವು, ಆಟ ದೊರೆಯದು.