ಅಚ್ಚು ಮತ್ತು ಓಕರಿಕೆ

ನಮ್ಮ ಪರಿಚಯದ ಹಿರಿಯರೊಬ್ಬರು ಹಲ್ಲಿನ ಸೆಟ್ಟು ಮಾಡಿಸಲೆಂದು ಹೋದವರು ಅರ್ಧ ಗಂಟೆಯಲ್ಲೇ ಮರಳಿ ಬಂದರು. ಅಚ್ಚು ತೆಗೆಯುವ ತಟ್ಟೆ ಅಂಗುಳಕ್ಕೆ ತಗುಲಿದೊಡನೆ ಅವರಿಗೆ ಓಕರಿಕೆ ಬಂದಿತ್ತು. ಮೂರು ಸಲ ಪ್ರಯತ್ನಿಸಿದ ವೈದ್ಯರು ಕೊನೆಗೆ, 'ಮಕ್ಕಳ ಹಾಗೆ ಮಾಡ್ತೀರಲ್ಲ' ಎಂದುಬಿಟ್ಟರು. ಆ ಮಾತಿನ ನಂತರ ಎರಡು ವರ್ಷ ಅವರು ಸಾರಿನಲ್ಲಿ ನೆನೆಸಿದ ರೊಟ್ಟಿಯಲ್ಲೇ ಕಳೆದರು. ಮದುವೆಯ ಊಟಕ್ಕೆ ಹೋಗುವುದನ್ನೂ ನಿಲ್ಲಿಸಿದರು.

ಓಕರಿಕೆ ಮನಸ್ಸಿನ ದೌರ್ಬಲ್ಯವಲ್ಲ. ನಾಲಿಗೆಯ ಬುಡ, ಅಂಗುಳದ ಮೆತ್ತನೆಯ ಹಿಂಭಾಗ ಮತ್ತು ಗಂಟಲ ಗೋಡೆಗೆ ಏನಾದರೂ ತಗುಲಿದರೆ ನರಗಳು ಆ ಸುದ್ದಿಯನ್ನು ಮಿದುಳಿನ ಬುಡಕ್ಕೆ ಒಯ್ಯುತ್ತವೆ. ನಾವು ಯೋಚಿಸುವ ಮೊದಲೇ ಸ್ನಾಯುಗಳು ಬಿಗಿಯುತ್ತವೆ. ಉಸಿರುದಾರಿಗೆ ಅನ್ಯವಸ್ತು ಜಾರದಂತೆ ತಡೆಯುವ ಕಾವಲು ಅದು. ಭಯವಿದ್ದರೆ ಈ ಕಾವಲುಗಾರ ಇನ್ನಷ್ಟು ಚುರುಕಾಗುತ್ತಾನೆ. ಕೆಲವರಿಗೆ ತಟ್ಟೆಯನ್ನು ಕಂಡರೇ ಸಾಕು. ಅಂಥವರನ್ನು ಗದರಿಸಿದರೆ ಪರಿಣಾಮ ಏನಾದೀತು?

ಹತ್ತನೆಯ ಶತಮಾನದ ಕೊರ್ಡೋವಾದ ವೈದ್ಯ ಅಝ್ಝಹ್ರಾವಿ ಎತ್ತಿನ ಮೂಳೆಯಲ್ಲಿ ಹಲ್ಲು ಕೆತ್ತಿ, ಚಿನ್ನದ ತಂತಿಯಿಂದ ಕಟ್ಟುವ ಬಗೆಯನ್ನು ಬರೆದಿಟ್ಟಿದ್ದಾರೆ. ಬಾಯಿಯ ಅಚ್ಚು ತೆಗೆಯುವ ಕ್ರಮದ ವಿವರ ಸಿಗುವುದು 1756ರಲ್ಲಿ, ಪ್ರಶ್ಯಾದ ದೊರೆ ಎರಡನೆಯ ಫ್ರೆಡರಿಕ್‌ನ ದಂತವೈದ್ಯ ಫಿಲಿಪ್ ಫಾಫ್ ಬರೆದ ಗ್ರಂಥದಲ್ಲಿ. ಬಿಸಿನೀರಿನಲ್ಲಿ ಮೆದುಗೊಳಿಸಿದ ಮೇಣದಿಂದ ಆತ ದವಡೆಯ ಒಂದರ್ಧದ ಅಚ್ಚು ತೆಗೆದು, ಬಳಿಕ ಇನ್ನೊಂದರ್ಧದ್ದು ತೆಗೆದು, ಎರಡನ್ನೂ ಜೋಡಿಸಿ ಪ್ಲಾಸ್ಟರ್ ಹುಯ್ಯುತ್ತಿದ್ದ. ಬಾಯಿ ಒಮ್ಮೆಗೇ ತುಂಬುತ್ತಿರಲಿಲ್ಲ. ಓಕರಿಸುವವರ ಪಾಲಿಗೆ ಆ ಹಳೆಯ ಪದ್ಧತಿಯೇ ಹೆಚ್ಚು ಕರುಣೆಯದು ಎಂದು ನಮಗನಿಸುತ್ತದೆ.

ಕಷ್ಟ ಹೆಚ್ಚಿದ್ದು 1840ರ ದಶಕದಲ್ಲಿ. ಬಾಯಿಯೊಳಗೇ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬುವ ರೂಢಿ ಆಗ ಬಂತು. ಅದು ಗಟ್ಟಿಯಾಗುತ್ತಾ ಬಿಸಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಕಲ್ಲು. ಹಲ್ಲು ಉಳಿದಿದ್ದವರ ಬಾಯಿಯಿಂದ ಇಡಿಯಾಗಿ ಹೊರತೆಗೆಯಲಾಗದೆ ಒಡೆದು ತುಂಡು ತುಂಡಾಗಿ ತೆಗೆದು, ಹೊರಗೆ ಮತ್ತೆ ಜೋಡಿಸಬೇಕಿತ್ತು. ಅದೇ ಕಾಲಕ್ಕೆ ರೋಗಿಗಳ ಸಂಖ್ಯೆಯೂ ಏರಿತು. 1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್‌ನ ಪ್ರಾತ್ಯಕ್ಷಿಕೆ ನೀಡಿದ ವಿಲಿಯಂ ಮಾರ್ಟನ್ ಸ್ವತಃ ದಂತವೈದ್ಯ. ಸೆಟ್ಟು ಕೂರಿಸಲು ಹಳೆಯ ಬೇರುಗಳನ್ನು ಕೀಳಬೇಕು, ನೋವಿಗೆ ಹೆದರಿ ಜನ ಒಪ್ಪುವುದಿಲ್ಲ ಎಂಬುದೇ ಆತನ ಚಿಂತೆಯಾಗಿತ್ತು. ನೋವು ಹೋಯಿತು, 1850ರ ದಶಕದಿಂದ ಗಟ್ಟಿ ರಬ್ಬರಿನ ಅಗ್ಗದ ಸೆಟ್ಟುಗಳೂ ಬಂದವು. ಓಕರಿಕೆ ಮಾತ್ರ ಉಳಿಯಿತು. ಎಚ್ಚರವಿದ್ದು ಸಹಕರಿಸಬೇಕಾದ ರೋಗಿಗೆ ಈಥರ್ ಕೊಡುವಂತೆಯೂ ಇಲ್ಲವಲ್ಲ!

1850ರ ದಶಕದಲ್ಲೇ ಲಂಡನ್ನಿನ ಚಾರ್ಲ್ಸ್ ಸ್ಟೆಂಟ್ ಎಂಬ ದಂತವೈದ್ಯ ಗಟ್ಟಾಪರ್ಚಾ ಎಂಬ ಮರದ ಅಂಟಿಗೆ ಬೇರೆ ವಸ್ತುಗಳನ್ನು ಬೆರೆಸಿ, ಬಿಸಿಗೆ ಮೆದುವಾಗಿ ತಣಿದೊಡನೆ ಗಟ್ಟಿಯಾಗುವ ಅಚ್ಚಿನ ವಸ್ತುವನ್ನು ಸಿದ್ಧಪಡಿಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಡಚ್ ಶಸ್ತ್ರವೈದ್ಯ ಯೊಹಾನೆಸ್ ಎಸ್ಸರ್ ಅದನ್ನು ಚರ್ಮದ ಕಸಿಗೆ ಬಳಸಿದ. ಹೆಸರು ಹಾಗೆಯೇ ದಾಟುತ್ತಾ ಬಂದು ಇಂದು ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿಗೆ ಅಂಟಿಕೊಂಡಿದೆ.

ಇಫ್ತಾರ್‌ಗೆ ಚೈನಾ ಗ್ರಾಸ್ ಪುಡ್ಡಿಂಗ್ ಮಾಡುವವರಿಗೆ ಮುಂದಿನ ಕಥೆ ಕುತೂಹಲಕರ. ಚೈನಾ ಗ್ರಾಸ್ ಎಂದರೆ ಕಡಲಪಾಚಿಯಿಂದ ತೆಗೆದ ಅಗರ್. ಬಾಗುವ, ಮುರಿಯದ ಅಚ್ಚು ಮೊದಲು ಸಾಧ್ಯವಾದದ್ದು ಅದರಿಂದಲೇ, 1920-30ರ ದಶಕಗಳಲ್ಲಿ. ಅಗರ್ ಬರುತ್ತಿದ್ದುದು ಮುಖ್ಯವಾಗಿ ಜಪಾನಿನಿಂದ. ಎರಡನೆಯ ಮಹಾಯುದ್ಧದಲ್ಲಿ ಸರಬರಾಜು ನಿಂತಾಗ ಪಾಶ್ಚಾತ್ಯರು ಕಂದು ಕಡಲಪಾಚಿಯ ಆಲ್ಜಿನೇಟ್‌ಗೆ ಮೊರೆಹೋದರು. ಇಂದಿಗೂ ಕ್ಲಿನಿಕ್ಕುಗಳಲ್ಲಿ ಕಲಸುವ ಪುಡಿ ಅದೇ. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನೀರು ಸ್ವಲ್ಪ ಬೆಚ್ಚಗಿದ್ದರೆ ಇನ್ನೂ ಬೇಗ.

ಉಳಿದ ಉಪಾಯಗಳೆಲ್ಲ ರೋಗಿಯ ಗಮನ ಮತ್ತು ಅಭ್ಯಾಸಕ್ಕೆ ಸಂಬಂಧಿಸಿದವು. 1973ರಲ್ಲಿ ಸಿಂಗರ್ ಎಂಬ ಅಮೆರಿಕನ್ ದಂತವೈದ್ಯರು ಪ್ರಕಟಿಸಿದ ಕ್ರಮದಲ್ಲಿ ರೋಗಿ ಮಕ್ಕಳು ಆಡುವ ಗಾಜಿನ ಗೋಲಿಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಅಭ್ಯಾಸ ಮಾಡಬೇಕಿತ್ತು. ಮನೆಯಲ್ಲಿ ಯಾರೂ ಇದನ್ನು ಪ್ರಯೋಗಿಸಬಾರದು, ನುಂಗಿದರೆ ಅಪಾಯ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು, ಕಾಲೆತ್ತಿ ಹಿಡಿಯುವುದು, ಮೂಗಿನಿಂದ ನಿಧಾನ ಉಸಿರಾಟ, ಅಂಗುಳಕ್ಕೆ ಮರಗಟ್ಟಿಸುವ ಸ್ಪ್ರೇ ಎಲ್ಲವೂ ಬಳಕೆಯಲ್ಲಿವೆ. 2001ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು ಹತ್ತು ರೋಗಿಗಳ ಕಿವಿಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿ ಓಕರಿಕೆ ಹತೋಟಿಗೆ ಬಂದುದನ್ನು ವರದಿ ಮಾಡಿದರು. ಹತ್ತು ಮಂದಿಯಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ.

1985ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಕ್ಯಾಮರಾ ವಿಧಾನ ಈಗ ನಮ್ಮ ನಗರಗಳಿಗೂ ತಲುಪಿದೆ. ಅದರಲ್ಲಿ ಪುಡಿಯೂ ಇಲ್ಲ, ತಟ್ಟೆಯೂ ಇಲ್ಲ. ಖರ್ಚು ಮಾತ್ರ ಎಲ್ಲರ ಕೈಗೆಟಕುವಂಥದಲ್ಲ.

ನಮ್ಮ ಹಿರಿಯರಿಗೂ ಅದು ಎಟಕಲಿಲ್ಲ. ಮಗಳ ಒತ್ತಾಯಕ್ಕೆ ಇನ್ನೊಬ್ಬ ವೈದ್ಯರ ಬಳಿ ಹೋದರು. ಆಕೆ ಅವರನ್ನು ನೆಟ್ಟಗೆ ಕೂರಿಸಿ, ಖಾಲಿ ತಟ್ಟೆಯನ್ನು ಅವರ ಕೈಗೇ ಕೊಟ್ಟು, 'ಅಜ್ಜಾ, ಮೊದಲು ನೀವೇ ಇಟ್ಟು ನೋಡಿ' ಎಂದರಂತೆ. ಕೆಳದವಡೆಯದು ಮೊದಲು ಮುಗಿಯಿತು. ಮೇಲಿನದಕ್ಕೆ ತಲೆ ಮುಂದೆ ಬಾಗಿಸಿ ಬಲಗಾಲು ಎತ್ತಿ ಹಿಡಿಯಲು ಹೇಳಿದರು. 'ಕಾಲು ನಡುಗದಂತೆ ನೋಡಿಕೊಳ್ಳುವುದರಲ್ಲಿ ಓಕರಿಕೆಯ ನೆನಪೇ ಆಗಲಿಲ್ಲ' ಎಂದು ಅವರು ಈಗಲೂ ನಗುತ್ತಾರೆ, ಹೊಸ ಹಲ್ಲು ತೋರಿಸುತ್ತಾ.